ನಿನ್ನ ವೆಲ್ಡಿಂಗ್ ಬಿಟ್ಟಿರಲಿಲ್ಲ

ಶಿವಲೀಲಾ, ಅವತ್ತು ಕಾರು ಮುರಿದಾಗ ನಿನ್ನ ವೆಲ್ಡಿಂಗ್ ಬಿಟ್ಟಿರಲಿಲ್ಲ. ನಾನು ಸುಳ್ಳು ಹೇಳಿದೆ. ಒಂಬತ್ತು ವರ್ಷದಿಂದ ಆ ಸುಳ್ಳಿನ ಮೇಲೆಯೇ ನಿಂತು ಎಂಜಿನಿಯರ್ ಎನಿಸಿಕೊಂಡಿದ್ದೇನೆ.

ಕಾಲೇಜಿನಲ್ಲಿ ನಾವು ಕಟ್ಟಿದ ರೇಸ್ ಕಾರು—ನಾಲ್ಕೂ ಚಕ್ರ ಮೈಯಿಂದಾಚೆ ಚಾಚಿದ್ದ, ಒಬ್ಬರೇ ಕೂರುವ ಕಾರು. ಇಂಡಿ ಊರಿನಿಂದ ಬಂದ ನನ್ನದು ವಿನ್ಯಾಸ; ಮುದ್ದೇಬಿಹಾಳದಲ್ಲಿ ಅಪ್ಪನ ಟ್ರೇಲರ್ ಗ್ಯಾರೇಜಿನಲ್ಲಿ ಬೆಳೆದ ನಿನ್ನದು ವೆಲ್ಡಿಂಗ್; ಓಡಿಸುವವನು ಕೊಲ್ಹಾರದ ಮಹಾಂತೇಶ. ಮುಂಚಕ್ರ ಹಿಡಿದಿಡುವ ಸಸ್ಪೆನ್ಷನ್ ತೋಳನ್ನು ಚೌಕಟ್ಟಿನ ಪೈಪುಗಳು ಕೂಡುವಲ್ಲೇ ಕೂರಿಸಬೇಕು. ಅಲ್ಲಿ ಭಾರ ಹಂಚಿಹೋಗುತ್ತದೆ. ನನಗದು ಗೊತ್ತಿತ್ತು. ಆದರೆ ಅಲ್ಲಿದ್ದರೆ ತೋಳು ಕಾರಿನ ಮೂತಿಯ ಪಕ್ಕದ ಗಾಳಿಗೆ ಅಡ್ಡ ಬರುತ್ತಿತ್ತು. ನಾಲ್ಕು ಬೆರಳು ಮೇಲೆತ್ತಿ, ಪೈಪಿನ ನಟ್ಟನಡುವೆ ತೋಳು ಹಿಡಿಯುವ ಬ್ರಾಕೆಟ್ ಇಟ್ಟೆ. ಕಂಪ್ಯೂಟರಿನಲ್ಲಿ ಗಾಳಿಯ ಗೆರೆಗಳು ಎಷ್ಟು ನುಣ್ಣಗೆ ಹರಿದವು—ನಾನು ಆ ಚೆಂದಕ್ಕೆ ಸೋತುಹೋದೆ.

“ನಡು ಪೈಪಿಗೆ ಹಚ್ಚಬ್ಯಾಡವಾ. ಜೋರ್ ಬ್ರೇಕ್ ಹಾಕಿದ್ರ ಪೈಪ್ ಹರೀತೈತಿ,” ಎಂದು ನೀನು ಹೇಳಿದ್ದೆ.

“ಡ್ರಾಯಿಂಗ್‌ನ್ಯಾಗ ಇದ್ದಂಗ ಮಾಡು. ಗಾಳಿ ವಿಚಾರ ನಿನಗ ತಿಳಿಯಂಗಿಲ್ಲ,” ಎಂದೆ ನಾನು.

ಪರೀಕ್ಷೆಯ ದಿನ ಮಹಾಂತೇಶ ತಿರುವಿನಲ್ಲಿ ಬ್ರೇಕ್ ಒತ್ತಿದ. ಮುಂಚಕ್ರ ಒಳಕ್ಕೆ ಮಡಚಿಕೊಂಡಿತು. ಎಲ್ಲರೂ ಅವನನ್ನು ಹೊರಗೆಳೆಯುತ್ತಿದ್ದರು. ಅವನ ಎಡಗಾಲು ನಜ್ಜುಗುಜ್ಜಾಗಿತ್ತು. ನಾನು—ನಾನು ಬ್ರಾಕೆಟ್ ಹುಡುಕುತ್ತಿದ್ದೆ. ಸಿಕ್ಕಿತು. ನಿನ್ನ ವೆಲ್ಡಿಂಗ್ ಇದ್ದ ಹಾಗೇ ಇತ್ತು. ಅದರ ಸುತ್ತಲಿನ ಪೈಪು ಚರ್ಮ ಸುಲಿದಂತೆ ಕಿತ್ತು ಬಂದಿತ್ತು. ಅದನ್ನು ಚೀಲಕ್ಕೆ ಹಾಕಿಕೊಂಡೆ. ತಂಡ ನೋಡಿಕೊಳ್ಳುತ್ತಿದ್ದ ಸರ್ ಕೇಳಿದಾಗ ಬಾಯಿ ತಡವರಿಸಲೂ ಇಲ್ಲ:

“ವೆಲ್ಡಿಂಗ್ ಬಿಟ್ಟೈತ್ರಿ ಸರ್.”

ನೀನು ವಾದಿಸುತ್ತೀ ಎಂದುಕೊಂಡಿದ್ದೆ. ನೀನು ನಿನ್ನ ಕೈಗಳನ್ನೇ ನೋಡುತ್ತಾ ನಿಂತುಬಿಟ್ಟೆ. ನಿನ್ನನ್ನು ತಂಡದಿಂದ ತೆಗೆದರು.

ಇದಕ್ಕಿಂತ ಹೇಸಿಗೆಯದನ್ನು ಹೇಳುವುದಿದೆ. ಹೋದ ವರ್ಷ ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕೆಯಲ್ಲ. “ಅವತ್ತಿನಿಂದ ವೆಲ್ಡಿಂಗ್ ಮುಟ್ಟಿಲ್ಲವಾ. ಮಹಾಂತೇಶ ಕುಂಟೂದು ಕಂಡ್ರ ದಾರಿ ಬಿಟ್ಟು ಹೋಗ್ತೀನಿ,” ಎಂದು ನೀನು ಹೇಳಿದೆ. ಆಗಲಾದರೂ ಬಾಯಿ ಬಿಡಬೇಕಿತ್ತು. ನಾನು ನಿನ್ನ ಹೆಗಲು ತಟ್ಟಿದೆ. “ಆಗಿದ್ದು ಆತು, ಬಿಡು,” ಎಂದೆ. ನನ್ನ ತಪ್ಪಿಗೆ ನಿನ್ನನ್ನು ಕ್ಷಮಿಸಿ ಬಸ್ಸು ಹತ್ತಿದೆ.

ನಿನ್ನೆ ಮಹಾಂತೇಶನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವನು ಕೇಳಿದ:

“ಆಕಿಗೆ ಹೇಳೀಯೇನು?”

“ಇನ್ನೂ ಇಲ್ಲ.”

“ಮತ್ತ ನನಗ್ಯಾಕ ಮೊದಲ ಹೇಳ್ದಿ? ನನ್ನ ಕಾಲಷ್ಟ ಹೋಗೇತಿ,” ಎಂದು ಫೋನ್ ಇಟ್ಟ.

ಸರ್‌ಗೂ ಬರೆದು ಕಳಿಸಿದ್ದೇನೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಮುದ್ದೇಬಿಹಾಳಕ್ಕೆ ಬಂದು, ನಿನ್ನ ಅಪ್ಪನ ಎದುರಿಗೇ ಓದುತ್ತೇನೆ. ನೀನು ಒಳಗೆ ಕರೆಯದಿದ್ದರೆ ಅಂಗಳದಲ್ಲೇ ನಿಂತು ಓದುತ್ತೇನೆ.