ಚಟ್ನಿ ಡಬ್ಬಿಯ ಝೋನು

ಸೊಲ್ಲಾಪುರದ ಆ ಚಾದರಿನ ಕಾರಖಾನೆ ಅಣ್ಣತಮ್ಮರದು. ತೊಂಬತ್ತರ ದಶಕ ಮುಗಿಯುತ್ತಿತ್ತು. ಚಾದರಿನ ಡಿಸೈನು ಇಡಲು ಇಬ್ಬರಿಗೂ ತಲಾ ಒಂದು ಸರ್ವರು, ತಲಾ ಒಂದು ಡಿಸ್ಕಿನ ಪೆಟ್ಟಿಗೆ, ಬ್ಯಾಕಪ್ಪಿಗೆ ಮಾತ್ರ ಇಬ್ಬರಿಗೂ ಸೇರಿ ಒಂದೇ ಟೇಪು. ಎಲ್ಲದರ ನಡುವೆ ಒಂದು ಹೊಸ ಸ್ವಿಚ್ಚು. ಯಾವ ಸರ್ವರಿಗೆ ಯಾವ ಡಿಸ್ಕು ಕಾಣಬೇಕೆಂದು ಅದರಲ್ಲಿ ಝೋನು, ಅಂದರೆ ಬೇರೆ ಬೇರೆ ಗುಂಪು, ಮಾಡುವುದು ನನ್ನ ಕೆಲಸ.

"ಅಂದ್ರ ನನ್ನ ಸರ್ವರಿಗೆ ತಮ್ಮನ ಡಿಸ್ಕು ಕಾಣಂಗಿಲ್ಲೇನು?" ಅಣ್ಣ ಕೇಳಿದರು.

"ಇಲ್ರಿ ಅಣ್ಣಾರ. ಕಂಡ್ರ ನಿಮ್ಮ ಸರ್ವರು ಅದನ್ನೂ ತನ್ನದ ಅಂತ ತಿಳ್ಕೊಂಡು ಅದರ ಮ್ಯಾಲ ಬರದು ಬಿಡ್ತದ. ತಮ್ಮಾರ ಡಿಸೈನ್ ಹಾಳಾಗ್ತಾವ."

"ಮನ್ಯಾಗ ಗ್ವಾಡಿ ಕಟ್ಟಾಕ ನಿಮ್ಮನ್ನ ಕರಸಿಲ್ಲ!" ಎಂದು ಎದ್ದೇಬಿಟ್ಟರು. ತಮ್ಮನೂ ಹೌದೆಂದು ತಲೆಯಾಡಿಸಿದ.

ಸಿಟ್ಟು ಬಂತೆಂದು ಊಟಕ್ಕೆ ಕರೆಯದೆ ಬಿಡುವ ಮಂದಿಯಲ್ಲ. ಮಹಡಿಯ ಮೇಲೆ ಅವರ ಮನೆ. ಅಡುಗೆಮನೆಯಲ್ಲಿ ಎರಡು ಒಲೆ. ಒಂದರ ಮುಂದೆ ಅಣ್ಣನ ಹೆಂಡತಿ ಜೋಳದ ಭಾಕ್ರಿ ಬಡಿಯುತ್ತಿದ್ದರು, ಇನ್ನೊಂದರ ಮುಂದೆ ತಮ್ಮನ ಹೆಂಡತಿ. ನಡುವೆ ಒಂದೇ ಶೇಂಗಾ ಚಟ್ನಿ ಡಬ್ಬಿ. ಇಬ್ಬರ ಕೈಯೂ ಅದಕ್ಕೇ ಹೋಗುತ್ತಿತ್ತು.

"ಅಣ್ಣಾರ, ನಾ ಕೆಳಗ ಮಾಡಾಕತ್ತಿದ್ದು ಇದನ್ನರಿ," ಅಂದೆ.

ಅವರು ತುತ್ತು ಕೈಯಲ್ಲೇ ಹಿಡಿದು ಎರಡೂ ಒಲೆಗಳನ್ನು ನೋಡಿದರು. "ಹಂಗಾದ್ರ ಚಟ್ನಿ ಡಬ್ಬಿ ಯಾವುದು?"

"ಅದು ಟೇಪ್ ರಿ. ಎರಡೂ ಝೋನಿನ್ಯಾಗ ಹಾಕ್ತೀನಿ."

"ಮದಲ ಹಿಂಗ ಹೇಳಬಾರದೇನ್ರಿ!" ಅಂದು ನಕ್ಕರು.

ಕೆಲವು ತಿಂಗಳ ನಂತರ ಅಲ್ಲಿಗೆ ಹೋದ ಪುಣೆಯ ಎಂಜಿನಿಯರು ಫೋನು ಮಾಡಿದ. ಸ್ವಿಚ್ಚಿನಲ್ಲಿ ಟೇಪಿಗೆ 'ಚಟ್ನಿ' ಅಂತ ಹೆಸರಿದೆ, ಬದಲಿಸಲೇ ಎಂದು ಕೇಳಿದ. ಬದಲಿಸು, ಆದರೆ ಮೊದಲು ಮಹಡಿ ಹತ್ತಿ ಅಡುಗೆಮನೆಯಲ್ಲಿರುವ ಇಬ್ಬರೂ ವೈನಿಯರ ಒಪ್ಪಿಗೆ ತಗೊಂಡು ಬಾ, ಅಂದೆ.