ಭಾವನ ಖಾಲಿ ಅಟ್ಟ

ಕಳೆದ ಶನಿವಾರ ಭಾವನ ಮನೆಯ ಅಟ್ಟ ಹತ್ತಿದೆ, ಅವನ ಗುಟ್ಟು ಹಿಡಿಯಲು. ಏಣಿ ಹಿಡಿದುಕೊಂಡವನು ಅವನೇ!

ಶೆಟ್ಟಿಕೆರೆಯಲ್ಲಿ ನನ್ನ ಅಕ್ಕನ ಮನೆ. ಅವಳ ಮಗಳು ಗಿರಿಜಾ ಈ ಸಲ ಎಸ್ಸೆಸ್ಸೆಲ್ಸಿ. ಊರಿಗೆ ಬಂದ ಸ್ವಾಮಿಯೊಬ್ಬ ಕಾಲಜ್ಞಾನ ಓದಿ, ಮುಂಗಾರಿಗೆ ಮುಂಚೆ ಪ್ರಳಯ ಎಂದಿದ್ದಾನೆ. ಭಾವ ಮಗಳ ಹಾಲ್ ಟಿಕೆಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಮನೆಮಂದಿಯನ್ನೆಲ್ಲ ಭಜನೆಗೆ ಕೂರಿಸಿದ್ದಾನೆ. ಸೋಮವಾರ ಲೆಕ್ಕದ ಪರೀಕ್ಷೆ. ಸುದ್ದಿ ಕೇಳಿ ನನ್ನ ಪಂಪ್‌ಸೆಟ್ ರಿಪೇರಿ ಅಂಗಡಿ ಮುಚ್ಚಿ ಬಸ್ಸು ಹತ್ತಿದ್ದೆ.

“ಯಾಕ್ ಭಾವ ಹಿಂಗೆ?”

“ರಿಸಲ್ಟ್ ಬರೋ ಹೊತ್ಗೆ ಭೂಮಿನೇ ಇರಕಿಲ್ಲ ಕಣ್ ಭಾಮೈದ. ಪೇಪರ್ ತಿದ್ದೋರ್ಯಾರು?”

ನನ್ನ ಬಳಿ ಒಂದು ಅಸ್ತ್ರವಿತ್ತು. ನಮ್ಮ ಸೀಮೆಯಲ್ಲಿ ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗಲು ಹೆಚ್ಚುಕಮ್ಮಿ ವರ್ಷ ಬೇಕು. ಮುಂಗಾರಿಗೆ ಮುಳುಗುವವನ ಅಟ್ಟದಲ್ಲಿ ಹೊಸ ಕಾಯಿ ಸಿಕ್ಕರೆ? ಭಕ್ತಿ ಅಲ್ಲೇ ಬಯಲು. (ಇಂಥ ಭಕ್ತರನ್ನು ಬೇಕಾದಷ್ಟು ಕಂಡಿದ್ದೇನೆ.)

ಅಟ್ಟ ಖಾಲಿ. ಒಂದು ಕಾಯಿಯೂ ಇಲ್ಲ. ಎಲ್ಲವನ್ನೂ ಸ್ವಾಮಿಯ ದಾಸೋಹಕ್ಕೆ ಕೊಟ್ಟುಬಿಟ್ಟಿದ್ದ. ಅವನು ಸುಳ್ಳನಲ್ಲ, ನಿಜವಾಗಿ ನಂಬಿದ್ದ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

ನನ್ನಪ್ಪನೂ ಹೀಗೇ ನಂಬಿದ್ದ. ಇಂಥದೇ ಮಾತು ಕೇಳಿ, ಇನ್ನೆಲ್ಲಿಯ ಶಾಲೆ ಎಂದು ಆರನೇ ಕ್ಲಾಸಿನಿಂದ ನನ್ನನ್ನು ಬಿಡಿಸಿ ತೀರ್ಥಕ್ಷೇತ್ರಗಳಿಗೆ ಕರೆದೊಯ್ದ. ವಾಪಸು ಬಂದಾಗ ಲೋಕ ಇದ್ದಲ್ಲೇ ಇತ್ತು. ಶಾಲೆ ಮಾತ್ರ ತಪ್ಪಿಹೋಗಿತ್ತು. ಆಮೇಲೆ ಸ್ಪ್ಯಾನರ್ ಹಿಡಿದೆ, ದುಡಿದೆ, ಯಾರ ಹಂಗಿಲ್ಲದೆ ಮನೆ ಕಟ್ಟಿದೆ. ಹೆಮ್ಮೆಯಿದೆ. ಆದರೆ ಹೊಸ ಮೋಟಾರಿನ ಜೊತೆ ಬರುವ ಇಂಗ್ಲಿಷ್ ಪುಸ್ತಕವನ್ನು ಇವತ್ತಿಗೂ ಬೇರೆಯವರ ಕೈಲಿ ಓದಿಸಬೇಕು. ಅಪ್ಪನದು ದೊಡ್ಡ ತ್ಯಾಗ ಎಂದರು ಜನ. ಕಳೆದುಕೊಂಡವನು ಯಾರು?

ಇಳಿದು ಬಂದು ಹೇಳಿದೆ: “ಭಾವ, ನಿನ್ ಕಾಯಿ ನೀನ್ ಕೊಟ್ಟೆ, ದೊಡ್ಡೋನು. ಪರೀಕ್ಷೆ ನಿಂದಲ್ಲ. ಅವಳ್ದು.”

ಭಾವನ ದನಿ ಇಳಿಯಿತು. “ಮುಳುಗೋವಾಗ ಮಗಳು ಪಕ್ಕದಾಗಿರ್ಲಿ ಅಂತ ಕಣಪ್ಪ, ಅಷ್ಟೇಯ.”

ಬಾಗಿಲ ಬಳಿ ನಿಂತಿದ್ದ ಗಿರಿಜಾ ಅಂದಳು: “ಮೂರ್ ಗಂಟೆ ಪರೀಕ್ಷೆ ಅಪ್ಪ. ಬರ್ದು ಬತ್ತೀನಿ. ಅಷ್ಟೊತ್ಗೆಲ್ಲ ಮುಳುಗಲ್ಲ ಬುಡು.”

ಅಕ್ಕ ಸೆರಗು ಬಾಯಿಗಿಟ್ಟು ನಕ್ಕಳು. ಭಾವ ನಗಲಿಲ್ಲ. ನಾನು ಕೈ ಚಾಚಿದೆ. “ಬೀಗದ ಕೈ ಕೊಡು. ಕೊಡೋಗಂಟ ಈ ಜಗಲಿ ಬುಟ್ಟು ಏಳಕಿಲ್ಲ.”

ಏಳಲಿಲ್ಲ. ಊಟವನ್ನೂ ಅಲ್ಲೇ ತರಿಸಿಕೊಂಡೆ. (ಅಕ್ಕನ ಮುದ್ದೆ ಇದ್ದರೆ ಸತ್ಯಾಗ್ರಹ ಕಷ್ಟವಲ್ಲ.) ಭಾನುವಾರ ಸಂಜೆ ಭಾವ ಬೀಗದ ಕೈಯನ್ನು ನನಗಲ್ಲ, ಮಗಳ ಕೈಗಿಟ್ಟ.

ಸೋಮವಾರ ಚಿಕ್ಕನಾಯಕನಹಳ್ಳಿಯ ಪರೀಕ್ಷಾ ಸೆಂಟರಿಗೆ ಮೂವರೂ ಹೋದೆವು. ಹುಡುಗಿ ಒಳಗೆ ಬರೆಯುತ್ತಿದ್ದಳು. ಭಾವ ಗೇಟಿನ ಹೊರಗೆ ಕಣ್ಣುಮುಚ್ಚಿ ಜಪ ಮಾಡುತ್ತಿದ್ದ. ಮಾಡಲಿ, ನಂಬಿಕೆ ಅವನದು.

ಸ್ವಾಮಿಗಳೇ, ನಿಮ್ಮ ಪ್ರಳಯ ಬರುವುದಾದರೆ ಬರಲಿ; ನಮ್ಮ ಹುಡುಗಿ ಲೆಕ್ಕ ಕಲಿತೇ ಮುಳುಗಿದರೆ ನಿಮಗೇನು ನಷ್ಟ?