ಹೊಳೆಗೆ ಹೋದ ಕೂಸು

ನನ್ನವ್ವ ತನ್ನ ಜೀವಮಾನದಲ್ಲಿ ನನಗೆ ವಿಜ್ಞಾನದ ಪ್ರಶ್ನೆ ಕೇಳಿದ್ದು ಒಂದೇ ಸಲ. ಅದಕ್ಕೆ ನಾನು ಕೊಟ್ಟ ಮೊದಲ ಉತ್ತರ ಕೇಳಿ ಮೂರು ದಿನ ಮಾತು ಬಿಟ್ಟಿದ್ದಳು. ಮುಂದೆ ಎಷ್ಟೋ ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದೆ. ಅಂಥ ಕಠಿಣ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ಕೇಳಿದ್ದರೆ ಬೈದು ಕೂರಿಸುತ್ತಿದ್ದೆನೋ ಏನೋ, ನನ್ನ ಸಿಟ್ಟು ಆಗಲೇ ಹೆಸರುವಾಸಿಯಾಗಿತ್ತು.

ನಮ್ಮದು ಹುನಗುಂದ ತಾಲೂಕಿನಲ್ಲಿ ಮಲಪ್ರಭೆಯ ದಂಡೆಯ ಹಳ್ಳಿ. ಎಪ್ಪತ್ತರ ದಶಕದ ಮೊದಲ ವರ್ಷಗಳು. ನನಗೆ ಹದಿಮೂರು, ತಂಗಿಗೆ ನಾಲ್ಕು. ಮಹಾನವಮಿಗೆಂದು ಒಳಗಿನ ಕೋಣೆಗೆ ಸುಣ್ಣ ಬಳಿದು ಎರಡು ದಿನವಾಗಿತ್ತು ಅಷ್ಟೆ, ಅವಳಿಗೆ ಜ್ವರ ಬಂತು. ಗಾಳಿ ತಾಗಬಾರದೆಂದು ಕಿಟಕಿಗೆ ಗೋಣಿಚೀಲ ಬಿಗಿದು, ಹಸಿ ಸುಣ್ಣದ ವಾಸನೆಯ ಆ ಕೋಣೆಯಲ್ಲೇ ಒಂದು ತಿಂಗಳು ಮಲಗಿಸಿದೆವು. ಎದೆ ಕಟ್ಟಿತ್ತು. ಅವಳ ಒಂದೊಂದು ಉಸಿರೂ ಪಡಸಾಲೆಯವರೆಗೆ ಕೇಳುತ್ತಿತ್ತು. ದೀಪಾವಳಿ ಮುಗಿದ ಮೇಲೆ ಒಂದು ಮುಂಜಾನೆ ಕೇಳಲಿಲ್ಲ.

ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಊರವರನ್ನು ಹೂಳುವ ಜಾಗ ಗುಡ್ಡದ ಬದಿಗಿತ್ತು. ಬರೀ ಗರಸು ನೆಲ, ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಅಪ್ಪ ಸುತಾರಾಂ ಒಪ್ಪಲಿಲ್ಲ.

"ಕಲ್ಲಿನ್ಯಾಗ ಬ್ಯಾಡ. ಕೂಸಿಗಿ ಚುಚ್ಚತಾವ" ಅಂದ.

ಹೊಳೆದಂಡೆಗೆ ತಾಗಿದ ನಮ್ಮ ಎರೆ ಹೊಲದ ತುದಿಯಲ್ಲಿ, ಇಡೀ ಹೊಲದಲ್ಲೇ ಮೆತ್ತಗಿನ ಮಣ್ಣು ಇದ್ದಲ್ಲಿ, ಕುಣಿ ತೋಡಿಸಿದ. ಕಾಲು ಮಡಚಿ ಕೂರಿಸಿ, ವಿಭೂತಿ, ಬಿಲ್ವಪತ್ರಿ ತುಂಬಿ ಮಣ್ಣು ಕೊಟ್ಟರು. ಮೂರನೆಯ ದಿನ ಅವ್ವ ಹಾಲು ತುಪ್ಪ ಬಿಟ್ಟು ಬಂದಳು. ಆಮೇಲೆ ಪ್ರತಿ ವರ್ಷ, ಸತ್ತವರನ್ನು ನೆನೆಯುವ ಮಹಾನವಮಿ ಅಮಾವಾಸ್ಯೆಗೆ ಹಿತ್ತಾಳೆ ಬಟ್ಟಲಲ್ಲಿ ಹಾಲು ಹಿಡಿದು ಅಲ್ಲಿಗೆ ಹೋಗುತ್ತಿದ್ದಳು. ತಂಗಿಯ ಹೆಸರು ಹಿಡಿದು ಕರೆದು, ಹಾಲು ಬಿಟ್ಟು, ಒಂದಿಷ್ಟು ಹೊತ್ತು ಕೂತು ಬರುತ್ತಿದ್ದಳು. ಅದೊಂದೇ ದಿನ ಅವಳು ನಗುನಗುತ್ತ ಊಟ ಮಾಡುತ್ತಿದ್ದಳು.

ಎರೆಮಣ್ಣು ಒಣಗಿದಾಗ ಎಷ್ಟು ಗಟ್ಟಿಯೋ ನೆನೆದಾಗ ಅಷ್ಟೇ ಸಡಿಲ. ನಾಲ್ಕನೆಯ ಮಳೆಗಾಲಕ್ಕೆ ಹೊಳೆ ಉಕ್ಕಿ ದಂಡೆಯನ್ನು ಕೊರೆದುಕೊಂಡು ಹೋಯಿತು. ಆ ಸಲದ ಅಮಾವಾಸ್ಯೆಗೆ ಅವ್ವನ ಜೊತೆ ನಾನೂ ಹೋಗಿದ್ದೆ. ಹೊಲದ ತುದಿ ಇರಬೇಕಾದಲ್ಲಿ ಕೆಂಪು ನೀರು ತಿರುಗುತ್ತಿತ್ತು. ಅವ್ವ ಬಟ್ಟಲು ಹಿಡಿದೇ ನಿಂತಳು. "ಹೊಳೀಗೇ ಬಿಡವ್ವಾ" ಅಂದೆ. "ಹರಿಯೂ ನೀರಿಗಿ ಬಿಟ್ರ ಯಾರಿಗಿ ಮುಟ್ಟತೈತಿ?" ಅಂದು ಬಟ್ಟಲನ್ನು ಹಾಗೇ ಮನೆಗೆ ತಂದಳು. ಅಪ್ಪನ ಮುಂದೆ ಅದನ್ನು ಇಟ್ಟು, "ನೋಡ್ರಿ, ನಿಮ್ಮ ಮೆತ್ತನ ಮಣ್ಣು" ಅಂದಳು. ಅಷ್ಟೇ. ಆಮೇಲೆ ಆ ಇಬ್ಬರೂ ಎತ್ತು, ಬಿತ್ತನೆ, ಉಪ್ಪು, ಎಣ್ಣೆ ಎಲ್ಲದರ ಬಗ್ಗೆ ಮಾತಾಡಿದರು. ತಂಗಿಯ ಹೆಸರು ಮಾತ್ರ ನಮ್ಮ ಮನೆಯಲ್ಲಿ ನಿಂತುಹೋಯಿತು. ಮರುವರ್ಷದ ಅಮಾವಾಸ್ಯೆಗೆ ಅವ್ವ ಹೊರಗೇ ಬರಲಿಲ್ಲ. ಹಾಲು ಬಿಡಲು ಅವಳಿಗೆ ಜಾಗವೇ ಇರಲಿಲ್ಲ.

ಹುನಗುಂದದಲ್ಲಿ ಪಿಯುಸಿ ಮುಗಿಸಿ ನಾನು ಬಾಗಲಕೋಟೆಗೆ ಬಿಎಸ್ಸಿಗೆ ಹೊರಟ ದಿನ ಅವ್ವ ಬುತ್ತಿ ಕಟ್ಟುತ್ತ, ತಲೆ ಎತ್ತದೆ ಕೇಳಿದಳು.

"ಇಷ್ಟ ಓದಾಕತ್ತೀದಿ. ಒಂದ್ ಹೇಳು. ಕೂಸು ಎಲ್ಲಿಗಿ ಹೋತು?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದನ್ನು ಒಪ್ಪಿಕೊಳ್ಳುವ ಜಾತಿಯವಳೂ ನಾನಲ್ಲ. "ಕೇಳಿ ಹೇಳ್ತೇನಿ" ಅಂದು ಬಸ್ಸು ಹತ್ತಿದೆ.

ವಿದ್ಯಾಗಿರಿಯ ಕಾಲೇಜಿನಲ್ಲಿ ನಮಗೆ ರಸಾಯನಶಾಸ್ತ್ರ ಕಲಿಸುತ್ತಿದ್ದವರು ಸಣಕಲು ಮೈಯ, ಜೇಬಿನ ತುಂಬ ಸೀಮೆಸುಣ್ಣದ ಚೂರು ಇಟ್ಟುಕೊಳ್ಳುತ್ತಿದ್ದ ಒಬ್ಬ ಹಿರಿಯರು. ಕ್ಲಾಸು ಮುಗಿದ ಮೇಲೆ ಹೋಗಿ, "ಸರ್, ಎಲುಬು ಹೊಳಿಗಿ ಹೋದ್ರ ಮುಂದ ಏನಾಕ್ಕೈತ್ರಿ?" ಅಂದೆ.

"ಯಾರದವಾ?"

"ತಂಗೀದ್ರಿ."

ಅವರು ಅಳಿಸಲೆಂದು ಎತ್ತಿದ ಕೈ ಇಳಿಸಿದರು. ಆಮೇಲೆ ಬೋರ್ಡಿನ ಮೇಲೆ ಮಲಪ್ರಭೆಯನ್ನು ಬರೆದರು, ಅದನ್ನು ಕೂಡಲಸಂಗಮದಲ್ಲಿ ಕೃಷ್ಣೆಗೆ ಕೂಡಿಸಿದರು, ಕೃಷ್ಣೆಯನ್ನು ಪೂರ್ವದ ಸಮುದ್ರದವರೆಗೆ ಎಳೆದರು. ಎಲುಬಿನಲ್ಲಿರುವುದು ರಂಜಕ. ಒಂದಿಷ್ಟು ದಾರಿಯ ಕೆಸರಿನಲ್ಲಿ ನಿಲ್ಲುತ್ತದೆ, ಒಂದಿಷ್ಟು ಕರಗಿ ಸಮುದ್ರ ಸೇರುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಹಸಿರು ಜೀವಗಳು ಅದಕ್ಕಾಗಿ ಕಾಯುತ್ತಿರುತ್ತವೆ. ಗಾಳಿಯಿಂದ ನೀರಿಗೆ ಇಳಿದ ಇಂಗಾಲ, ಮೇಲಿನಿಂದ ಬಿಸಿಲು, ಹೊಳೆ ತಂದ ರಂಜಕ, ಇವಿಷ್ಟು ಸೇರಿದರೆ ಅವು ಮೈ ಕಟ್ಟಿಕೊಳ್ಳುತ್ತವೆ. ಅವನ್ನು ಸಣ್ಣ ಜೀವಗಳು ತಿನ್ನುತ್ತವೆ, ಅವನ್ನು ಮೀನು. ಸತ್ತದ್ದೆಲ್ಲ ಜರಡಿಯಿಂದ ಬಿದ್ದ ಹಿಟ್ಟಿನ ಹಾಗೆ ಕತ್ತಲ ಆಳಕ್ಕೆ ಇಳಿಯುತ್ತದೆ. ಇಳಿಯುತ್ತ ಬಹುಪಾಲು ಮತ್ತೆ ಕರಗುತ್ತದೆ. ಆ ಆಳದ ನೀರು ನೂರಾರು ವರ್ಷ ಅಲೆದು ಎಲ್ಲೋ ಒಂದು ಕಡೆ ಮೇಲೆ ಬರುತ್ತದೆ, ಮತ್ತೆ ಹಸಿರು. ಹೀಗೆ ಎಷ್ಟು ಸಲ ಏರಿ ಎಷ್ಟು ಸಲ ಇಳಿಯುತ್ತದೋ! ಕಡೆಗೊಮ್ಮೆ ತಳದ ಕೆಸರಿನಲ್ಲಿ ಕೂತು ಕಲ್ಲಾಗುತ್ತದೆ. ಆ ತಳವೂ ಒಂದು ದಿನ ಮೇಲೆದ್ದು ನೆಲವಾಗುತ್ತದೆ.

"ನಿಮ್ಮಪ್ಪ ಹೊಲಕ್ಕ ಹಾಕೂ ಸೂಪರ್ ಗೊಬ್ಬರಾ ಐತೆಲ್ಲ, ಅದೂ ಹಂತಾ ಕಲ್ಲಿಂದನ ಆಗಿದ್ದು. ಭಾಳಮಾಡಿ ಹಿಂದಿನ ಸಮುದ್ರದ ತಳ" ಅಂದರು.

ನಮ್ಮ ಮನೆಯ ಮೂಲೆಯಲ್ಲಿ ಚೀಲದೊಳಗೆ ಸಮುದ್ರ ಕೂತಿತ್ತು, ನಾವು ಅದರ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆವು.

ಮುಂದಿನ ರಜೆಗೆ ಊರಿಗೆ ಹೊರಟೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಅವ್ವನಿಗೆಂದು ಕರದಂಟು ಕೊಂಡೆ, ದೊಡ್ಡ ಸುದ್ದಿ ಹೇಳುವವಳಲ್ಲವೇ. ಮನೆಗೆ ಹೋದವಳೇ, ಪರೀಕ್ಷೆಯಲ್ಲಿ ಬರೆದ ಹಾಗೆ ಒಂದೂ ಬಿಡದೆ ಒಪ್ಪಿಸಿದೆ. ಮೀನಿನ ತನಕ ಬಂದೆ ನೋಡಿ, ಅವ್ವ ಕೈಯಲ್ಲಿದ್ದ ಕರದಂಟನ್ನು ನೆಲಕ್ಕಿಟ್ಟಳು.

"ಬಾಯಿ ಮುಚ್ಚು. ನನ್ನ ಕೂಸಿನ್ನ ಮೀನಿನ ಬಾಯಾಗ ಹಾಕಾಕ ಕಾಲೇಜಿಗಿ ಹೋಗೀಯೇನ?"

ಮೀನಿನ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ಮನೆ ನಮ್ಮದು. ಇಡೀ ಸಮುದ್ರ ನೆನಪಿಟ್ಟುಕೊಂಡವಳಿಗೆ ಅದೊಂದು ನೆನಪಾಗಲಿಲ್ಲ. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ ಅಂದುಕೊಂಡು ವಾಪಸು ಬಂದೆ.

ಮಹಾನವಮಿ ಅಮಾವಾಸ್ಯೆಗೆ ಒಂದು ವಾರ ಮುಂಚೆ ಅದೇ ಸರ್ ನಮ್ಮನ್ನು ಬಾಗಲಕೋಟೆಯ ಹೊರಗೆ ಸುಣ್ಣದ ಕಲ್ಲು ತೆಗೆಯುವ ಜಾಗಕ್ಕೆ ಕರೆದುಕೊಂಡು ಹೋದರು. ಕಡಿದ ಬಂಡೆಯೊಂದರ ಮೇಲೆ ನೀರು ಸುರುವಿದರು. ಅಡ್ಡ ಹೆಚ್ಚಿದ ಉಳ್ಳಾಗಡ್ಡಿಯ ಹಾಗೆ ಸುತ್ತಿನ ಮೇಲೆ ಸುತ್ತು ಎದ್ದು ಕಂಡವು.

"ಇದು ಸಮುದ್ರದ ತಳ" ಅಂದರು. ನಾವು ನಕ್ಕುಬಿಟ್ಟೆವು. ಬೇಸಿಗೆಯಲ್ಲಿ ಕೊಡ ನೀರಿಗೆ ಜಗಳಾಡುವ ಊರಿನಲ್ಲಿ ಸಮುದ್ರವಂತೆ! ಅವರು ನಗಲಿಲ್ಲ. ಎಷ್ಟೋ ಕೋಟಿ ವರ್ಷಗಳ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವಿತ್ತು, ಕಣ್ಣಿಗೆ ಕಾಣದ ಜೀವಗಳು ನೀರಿನೊಳಗಿನ ಇಂಗಾಲವನ್ನು ಹಿಡಿದು ಪದರಿನ ಮೇಲೆ ಪದರು ಈ ಕಲ್ಲು ಕಟ್ಟಿದವು ಅಂದರು.

"ಆಗ ಮೀನು ಇದ್ವೇನ್ರಿ ಸರ್?" ಅಂತ ಕೇಳಿದೆ.

"ಇಲ್ಲವಾ. ಮೀನ ಹುಟ್ಟೂಕಿಂತ ಭಾಳ ಮೊದಲಿಂದು."

ಅವ್ವನ ಪರವಾಗಿ ನನಗೆ ಸಮಾಧಾನವಾಯಿತು.

ಪಕ್ಕದಲ್ಲೇ ಭಟ್ಟಿ ಉರಿಯುತ್ತಿತ್ತು. ಕಲ್ಲು ಸುಟ್ಟರೆ ಅಂದು ಸಮುದ್ರ ಹಿಡಿದಿಟ್ಟ ಇಂಗಾಲ ಗಾಳಿಯಾಗಿ ಹಾರಿಹೋಗುತ್ತದೆ, ಉಳಿಯುವುದು ಹರಳು ಸುಣ್ಣ. ಅದನ್ನು ನೀರಲ್ಲಿ ಕುದಿಸಿ ಗೋಡೆಗೆ ಬಳಿಯುತ್ತೇವೆ. ಗೋಡೆಯ ಮೇಲೆ ಅದು ಕಳಕೊಂಡ ಇಂಗಾಲವನ್ನು ಮತ್ತೆ ಗಾಳಿಯಿಂದ ಎಳಕೊಂಡು ಕಲ್ಲಾಗುತ್ತದೆ.

"ಮನಿಯೊಳಗಿನ ಗಾಳ್ಯಾಗ ಇಂಗಾಲ ಎಲ್ಲಿಂದ ಬರತೈತಿ?" ಸರ್ ಕೇಳಿದರು.

"ಒಲಿಯಿಂದ್ರಿ" ಅಂದರು ಯಾರೋ.

"ಮತ್ತ?"

"ನಮ್ಮ ಉಸರಿನಿಂದ್ರಿ."

ಎಲ್ಲರೂ ಬಸ್ಸಿನ ಕಡೆ ನಡೆದಾಗ ಸರ್ ಹತ್ತಿರ ಹೋದೆ. "ಸರ್, ಕಿಟಕಿ ಮುಚ್ಚಿದ ಕೋಣ್ಯಾಗ ಹಸಿ ಸುಣ್ಣದ ಗ್ವಾಡಿ. ಅಲ್ಲಿ ಒಂದ್ ತಿಂಗಳ ಯಾರರ ಮಲಗಿದ್ರ..." ಅಂದೆ.

ಅವರಿಗೆ ಅರ್ಥವಾಯಿತು. "ಅವರ ಉಸರಿನ ಪಾಲು ಆ ಗ್ವಾಡ್ಯಾಗ ಕಲ್ಲಾಗಿ ಕುಂತಿರತೈತಿ. ಎಷ್ಟಂತ ಕೇಳಬ್ಯಾಡ, ಅಳಿಯಾಕ ಬರೂದುಲ್ಲ. ಆದ್ರ ಇರತೈತಿ. ಖರೆ ಹೇಳ್ತೇನಿ."

ಊರು ಮುಟ್ಟಿದಾಗ ಅಪ್ಪ ಒಳಗಿನ ಕೋಣೆಯಲ್ಲಿ ಕುರ್ಪಿ ಹಿಡಿದು ಹಳೆಯ ಸುಣ್ಣ ಕೆರೆಯಲು ಶುರುಮಾಡಿದ್ದ. ವರ್ಷವರ್ಷ ಬಳಿದು ಗೋಡೆ ದಪ್ಪವಾಗಿ ಚಕ್ಕೆ ಏಳುತ್ತಿತ್ತು. ಅವ್ವ ಹಿತ್ತಲಲ್ಲಿ ಸುಣ್ಣ ಕುದಿಸುತ್ತಿದ್ದಳು. ನಾನು ಚಪ್ಪಲಿಯನ್ನೂ ಬಿಡದೆ ಓಡಿಹೋಗಿ ಅಪ್ಪನ ಕೈಯಿಂದ ಕುರ್ಪಿ ಕಸಿದುಕೊಂಡೆ.

"ಕೆರೀಬ್ಯಾಡಪ್ಪಾ!"

"ಹುಚ್ಚ ಹಿಡದೈತೇನ ನಿನಗ?" ಅಂದ ಅಪ್ಪ. ಗದ್ದಲಕ್ಕೆ ಅವ್ವನೂ ಬಂದಳು. ಇಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದೆ. ಈ ಸಲ ಮೀನಿಲ್ಲ, ಪರೀಕ್ಷೆಯ ಧಾಟಿ ಇಲ್ಲ. ಸುಣ್ಣ, ಸಮುದ್ರ, ಉಸಿರು, ಅಷ್ಟೇ. ಹೇಳುವಾಗ ಅಳು ಬಂತು, ಅತ್ತೆ.

ಅವ್ವ ನೆಲಕ್ಕೆ ಬಿದ್ದ ಒಂದು ಚಕ್ಕೆ ಎತ್ತಿಕೊಂಡು ಬೆಳಕಿಗೆ ಹಿಡಿದಳು. ಅದರ ಅಂಚಿನಲ್ಲಿ ನಾನು ಬಂಡೆಯ ಮೇಲೆ ಕಂಡ ಹಾಗೇ ಪದರಿನ ಮೇಲೆ ಪದರು ಇದ್ದವು.

"ಆಕಿ ಇದ್ದ ವರ್ಷದ್ದು ಯಾವುದು?"

"ಮ್ಯಾಲಿಂದ ಆರನೇದ್ದು."

ಅವಳು ಉಗುರಿನಿಂದ ಆರು ಎಣಿಸಿದಳು. ಆ ಚಕ್ಕೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಗೋಡೆಗೆ ಅಂಗೈ ಊರಿ ನಿಂತಳು. ಅಪ್ಪ ಹಿಂದೆ ನಿಂತಿದ್ದ.

"ತಪ್ಪ ನಂದ. ಮೆತ್ತನ ಮಣ್ಣ ನೋಡಿದ್ನಿ, ಹೊಳಿ ನೋಡಲಿಲ್ಲ" ಅಂದ. ಎರಡು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತು ಅದು.

ಅವ್ವ ತಿರುಗಲಿಲ್ಲ. "ಕೂಸಿಗಿ ಚುಚ್ಚಬಾರದಂತ ಮಾಡಿದ್ರಿ" ಅಂದಳು. ಆಮೇಲೆ, "ಸುಣ್ಣಾ ತಗೊಂಡ ಬರ್ರಿ. ಕೆರಿಯೂದು ಬ್ಯಾಡ, ಹಂಗ ಮ್ಯಾಲ ಹಚ್ಚೂಣು" ಅಂದಳು.

ಅಮಾವಾಸ್ಯೆಯ ದಿನ ಅಪ್ಪನೇ ಹಿತ್ತಾಳೆ ಬಟ್ಟಲು ತೊಳೆದು ಹಾಲು ತುಂಬಿ ತಂದ. ಅವ್ವ ಒಳಗಿನ ಕೋಣೆಯ ಗೋಡೆಯ ಬುಡದಲ್ಲಿ ಹಾಲು ಬಿಟ್ಟಳು. ಆಮೇಲೆ ಗೋಡೆಯ ಹತ್ತಿರ, ಉಸಿರು ತಾಗುವಷ್ಟು ಹತ್ತಿರ ಬಾಯಿಟ್ಟು ತಂಗಿಯ ಹೆಸರು ಹಿಡಿದು ಕರೆದಳು. ಅಪ್ಪನೂ ಕರೆದ. ಹೊಸ ಸುಣ್ಣ ಇನ್ನೂ ಹಸಿಯಾಗಿಯೇ ಇತ್ತು.